ದಕ್ಷಿಣ ಕೊರಿಯಾವನ್ನು ಮುಂದೆ ತಂದದ್ದು ಬಂಡವಾಳಶಾಹಿಯೇ?

ಪ್ರಶ್ನೆ: ಪರಕೀಯರ ಆಳ್ವಿಕೆ ಮುಗಿದಾಗ ಭಾರತದಂತೆಯೇ ದಕ್ಷಿಣ ಕೊರಿಯಾವೂ ಬಡ ದೇಶವಾಗಿತ್ತು. ಅವರು ಬಂಡವಾಳಶಾಹಿಯನ್ನು ಆರಿಸಿಕೊಂಡು ಮುಂದೆ ಹೋದರು, ನಾವು ಸಮಾಜವಾದವನ್ನು ನಂಬಿ ಹಿಂದುಳಿದೆವು ಎಂಬ ಮಾತು ಎಷ್ಟು ಸರಿ?

ಉತ್ತರ: ಕೊರಿಯಾ ಮುಂದೆ ಹೋದದ್ದು ನಿಜ. ಆದರೆ ಅದಕ್ಕೆ ಕೊಡುವ ಈ ಕಾರಣ ಅಲ್ಲಿಯ ಇತಿಹಾಸಕ್ಕೆ ಹೊಂದುವುದಿಲ್ಲ.

1910ರಿಂದ 1945ರವರೆಗೆ ಜಪಾನಿನ ವಸಾಹತಾಗಿದ್ದ ಕೊರಿಯಾದಲ್ಲಿ ಗೇಣಿದಾರನು ಬೆಳೆಯ ಹೆಚ್ಚುಕಡಿಮೆ ಅರ್ಧವನ್ನು ಒಡೆಯನಿಗೆ ಅಳೆಯಬೇಕಿತ್ತು. 1949ರ ಭೂಸುಧಾರಣಾ ಕಾಯ್ದೆಯು, ಮರುವರ್ಷದ ತಿದ್ದುಪಡಿಯೊಡನೆ, ಕೃಷಿಭೂಮಿಯ ಒಡೆತನಕ್ಕೆ ಸುಮಾರು 3 ಹೆಕ್ಟೇರುಗಳ, ಅಂದರೆ ಏಳೂವರೆ ಎಕರೆಯ ಮಿತಿ ಹಾಕಿತು. ಉಳುವವನು ವರ್ಷಕ್ಕೆ ಬೆಳೆಯ ಶೇ. 30ರಂತೆ ಐದು ವರ್ಷ ಸರ್ಕಾರಕ್ಕೆ ಕೊಟ್ಟರೆ ಹೊಲ ಅವನದೇ ಆಗುತ್ತಿತ್ತು. ಎಂದರೆ ಹಳೆಯ ಗೇಣಿಗಿಂತ ಕಡಿಮೆ ಕೊಟ್ಟು ಅವನು ಭೂಮಿಯನ್ನೇ ಪಡೆದ. ಪರಿಹಾರವಾಗಿ ಒಡೆಯರಿಗೆ ಸಿಕ್ಕ ಬಾಂಡುಗಳ ಬೆಲೆಯನ್ನು ಕೊರಿಯಾ ಯುದ್ಧಕಾಲದ ಹಣದುಬ್ಬರ ನುಂಗಿಹಾಕಿತು. ಖಾಸಗಿ ಆಸ್ತಿಯನ್ನು ಇಷ್ಟು ನಿಷ್ಠುರವಾಗಿ ಹಂಚಿದ ದೇಶವನ್ನು ಬಂಡವಾಳಶಾಹಿಯ ಮಾದರಿ ಎಂದಷ್ಟೇ ಕರೆದು ಬಿಡುವುದು ನನಗೆ ಒಪ್ಪಿಗೆಯಾಗುವುದಿಲ್ಲ.

1961ರಲ್ಲಿ ಸೇನಾ ಕ್ಷಿಪ್ರಕ್ರಾಂತಿಯಿಂದ ಅಧಿಕಾರಕ್ಕೆ ಬಂದ ಪಾರ್ಕ್ ಚುಂಗ್ ಹೀ ಅದೇ ವರ್ಷ ವಾಣಿಜ್ಯ ಬ್ಯಾಂಕುಗಳನ್ನು ಸರ್ಕಾರದ ಹಿಡಿತಕ್ಕೆ ತೆಗೆದುಕೊಂಡರು. ನಮ್ಮ ಕರಾವಳಿಯಲ್ಲಿ ಹುಟ್ಟಿದ ಕೆನರಾ, ಸಿಂಡಿಕೇಟ್ ಬ್ಯಾಂಕುಗಳೂ ಸೇರಿದಂತೆ 14 ಬ್ಯಾಂಕುಗಳು ರಾಷ್ಟ್ರೀಕರಣಗೊಂಡದ್ದು ಅದಾದ ಎಂಟು ವರ್ಷಗಳ ನಂತರ, 1969ರಲ್ಲಿ. 1962ರಿಂದ ಕೊರಿಯಾದಲ್ಲೂ ಪಂಚವಾರ್ಷಿಕ ಯೋಜನೆಗಳು ನಡೆದವು. ಪೊಹಾಂಗ್ ಉಕ್ಕಿನ ಕಾರ್ಖಾನೆಗೆ ವಿಶ್ವಬ್ಯಾಂಕಿನ ಬೆಂಬಲ ಸಿಗದಿದ್ದಾಗ, 1965ರ ಒಪ್ಪಂದದ ಪ್ರಕಾರ ಜಪಾನಿನಿಂದ ಬರುತ್ತಿದ್ದ ಹಣವನ್ನು ಸರ್ಕಾರವೇ ಅದಕ್ಕೆ ತೊಡಗಿಸಿತು.

ಹಾಗಾದರೆ ವ್ಯತ್ಯಾಸ ಎಲ್ಲಿತ್ತು? ಸರ್ಕಾರ ಕೊಟ್ಟ ನೆರವಿಗೆ ಪ್ರತಿಯಾಗಿ ಏನನ್ನು ಕೇಳಿತು ಎಂಬುದರಲ್ಲಿ. ಕೊರಿಯಾದ ಅಧ್ಯಕ್ಷರು ಉದ್ಯಮಿಗಳನ್ನೂ ಅಧಿಕಾರಿಗಳನ್ನೂ ಕೂರಿಸಿಕೊಂಡು ತಿಂಗಳು ತಿಂಗಳೂ ರಫ್ತಿನ ಲೆಕ್ಕ ಕೇಳುತ್ತಿದ್ದರು. ಅಗ್ಗದ ಸಾಲ ಬೇಕೆಂದವನು ಹೊರದೇಶದಲ್ಲಿ ಸರಕು ಮಾರಿ ತೋರಿಸಬೇಕಿತ್ತು. ಭಾರತದಲ್ಲಿ ಲೈಸೆನ್ಸ್ ಪಡೆದ ಉದ್ಯಮಿಗೆ ದೇಶದೊಳಗಿನ ಮಾರುಕಟ್ಟೆಯ ರಕ್ಷಣೆ ಸಿಕ್ಕಿತು, ಆದರೆ ಅಂಥ ಬಿಗಿಯಾದ ಕರಾರು ಇರಲಿಲ್ಲ. ಇದನ್ನು ಸಮಾಜವಾದದ ದೋಷ ಎನ್ನುವವರು, ಸರ್ಕಾರದ ರಕ್ಷಣೆಯನ್ನೂ ಯೋಜನೆಯನ್ನೂ 1944ರ ಬಾಂಬೆ ಯೋಜನೆಯಲ್ಲಿ ಟಾಟಾ, ಬಿರ್ಲಾ ಮುಂತಾದ ಉದ್ಯಮಪತಿಗಳೇ ಬಯಸಿದ್ದರೆಂಬುದನ್ನು ಮರೆಯಬಾರದು.

ಫಿಲಿಪ್ಪೀನ್ಸನ್ನು ನೋಡಿದರೆ ಈ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. 1946ರಲ್ಲಿ ಅಮೆರಿಕದಿಂದ ಸ್ವತಂತ್ರವಾದ ಆ ದೇಶವೂ ಖಾಸಗಿ ಬಂಡವಾಳದ ಹಾದಿಯಲ್ಲೇ ನಡೆಯಿತು. 1960ರಲ್ಲಿ ಅದರ ತಲಾ ಆದಾಯ ಕೊರಿಯಾದ್ದಕ್ಕಿಂತ ಹೆಚ್ಚಾಗಿತ್ತು. ಆದರೆ ಕಬ್ಬಿನ ದೊಡ್ಡ ದೊಡ್ಡ ಜಮೀನುಗಳು ಕೆಲವೇ ಮನೆತನಗಳ ಕೈಯಲ್ಲಿ ಉಳಿದವು, ದೇಶ ಹಿಂದೆ ಬಿತ್ತು. ಇತ್ತ ಕಮ್ಯುನಿಸ್ಟ್ ಪಕ್ಷದ ಆಡಳಿತದ ವಿಯೆಟ್ನಾಂ 1986ರಲ್ಲಿ ಸುಧಾರಣೆ ಆರಂಭಿಸಿ, 1988ರಲ್ಲಿ ಸಾಮೂಹಿಕ ಬೇಸಾಯದ ಹೊಲಗಳನ್ನು ರೈತ ಕುಟುಂಬಗಳ ಸಾಗುವಳಿಗೆ ಬಿಟ್ಟಿತು. ಅಕ್ಕಿ ಆಮದು ಮಾಡಿಕೊಳ್ಳುತ್ತಿದ್ದ ಆ ದೇಶ ಮರುವರ್ಷವೇ ಹತ್ತು ಲಕ್ಷ ಟನ್ನಿಗೂ ಹೆಚ್ಚು ಅಕ್ಕಿಯನ್ನು ಹೊರಗೆ ಕಳುಹಿಸಿತು.

ಕೊರಿಯಾದ ಯಶಸ್ಸಿನ ಹಿಂದೆ ಅಮೆರಿಕದ ನೆರವಿತ್ತು, ದುಡಿಯುವವರ ಬಾಯಿ ಮುಚ್ಚಿಸಿದ ಸರ್ವಾಧಿಕಾರವೂ ಇತ್ತು. 1970ರ ನವೆಂಬರ್ 13ರಂದು ಸೋಲ್ ನಗರದ ಬಟ್ಟೆ ಮಾರುಕಟ್ಟೆಯಲ್ಲಿ ಚೊನ್ ತೆ ಇಲ್ ಎಂಬ 22 ವರ್ಷದ ದರ್ಜಿ, ಪಾಲನೆಯಾಗದ ಕಾರ್ಮಿಕ ಕಾನೂನಿನ ಪುಸ್ತಕದೊಂದಿಗೆ ತನ್ನನ್ನೂ ಸುಟ್ಟುಕೊಂಡರು. ಬೆಳವಣಿಗೆಯ ಅಂಕಿಗಳನ್ನು ಮೆಚ್ಚುವಾಗ ಅವರನ್ನು ಬಿಟ್ಟು ಲೆಕ್ಕ ಹಾಕಲು ನನ್ನಿಂದಾಗದು.

ಕರ್ನಾಟಕದಲ್ಲಿ ದೇವರಾಜ ಅರಸರ ಕಾಲದ ಭೂಸುಧಾರಣಾ ಕಾಯ್ದೆಯ ತಿದ್ದುಪಡಿಯು 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿಯನ್ನು ತೆಗೆದುಹಾಕಿದಾಗ, ಭೂನ್ಯಾಯ ಮಂಡಳಿಗೆ ನಮೂನೆ 7 ಎಂಬ ಒಡೆತನದ ಅರ್ಜಿ ಸಲ್ಲಿಸಿದ ಗೇಣಿದಾರರು ಹೊಲದೊಡೆಯರಾದರು. ಕೊರಿಯಾ ಇದನ್ನು ಕೈಗಾರಿಕೆಗಿಂತ ಮೊದಲೇ ಮುಗಿಸಿತ್ತು. ನಮ್ಮಲ್ಲಿ ಅದು ಸ್ವಾತಂತ್ರ್ಯ ಬಂದು 27 ವರ್ಷಗಳಾದ ಮೇಲೆ ನಡೆಯಿತು. ಅಷ್ಟಾದರೂ, ಗೇಣಿಯ ಹಕ್ಕೂ ಇಲ್ಲದೆ ಕೂಲಿಯನ್ನೇ ನಂಬಿದ್ದ ಕುಟುಂಬಗಳಿಗೆ, ಅವರಲ್ಲಿ ಬಹುಪಾಲು ದಲಿತರಿಗೆ, ಆ ನಮೂನೆಯಲ್ಲಿ ಬರೆಯಲು ಏನೂ ಇರಲಿಲ್ಲ.