ಕುಡಿದು ವಾಹನ ಓಡಿಸಿದ ಪದಾಧಿಕಾರಿ: ನಾವು ಕೇಳಬೇಕಾದ ಪ್ರಶ್ನೆಗಳು

ಕ್ರೀಡಾ ಸಂಸ್ಥೆಯ ಮುಖ್ಯಸ್ಥರೊಬ್ಬರು ಕುಡಿದು ವಾಹನ ಓಡಿಸಿ ಬಂಧನಕ್ಕೊಳಗಾದ ಸುದ್ದಿ, ಅದು ಅಮೆರಿಕದ್ದೇ ಆಗಿರಲಿ ನಮ್ಮ ದೇಶದ್ದೇ ಆಗಿರಲಿ, ಬಂದಾಗಲೆಲ್ಲ ಮಂಡ್ಯದ ನ್ಯಾಯಾಲಯದ ಆವರಣದಲ್ಲಿ ಎರಡು ಮಾತುಗಳು ಕೇಳಿಬರುತ್ತವೆ. ‘ಯಾರಿಗೂ ಏನೂ ಆಗಿಲ್ಲವಲ್ಲ, ಇಷ್ಟಕ್ಕೇ ಮನುಷ್ಯನ ಮಾನ ತೆಗೆಯಬೇಕಿತ್ತೇ’ ಎನ್ನುವುದು ಒಂದು. ‘ದೊಡ್ಡವರಲ್ಲವೇ, ಬೆಳಗಾಗುವುದರೊಳಗೆ ಬೇಲ್ ಸಿಕ್ಕಿತು’ ಎನ್ನುವುದು ಇನ್ನೊಂದು. ಮೋಟಾರು ವಾಹನ ಪ್ರಕರಣಗಳನ್ನು ನಡೆಸುವ ವಕೀಲನಾದ್ದರಿಂದ ಈ ಎರಡಕ್ಕೂ ಉತ್ತರ ಹೇಳುವ ಸಂದರ್ಭ ನನಗೆ ಮತ್ತೆ ಮತ್ತೆ ಬರುತ್ತದೆ. ಮೊದಲನೆಯ ಮಾತನ್ನು ನಾನು ಒಪ್ಪುವುದಿಲ್ಲ. ಎರಡನೆಯದು ಕಾನೂನಿನ ದೃಷ್ಟಿಯಿಂದ ತಪ್ಪಾದರೂ ಅದರೊಳಗೆ ನಿಜವಾದ ನೋವೊಂದಿದೆ. ಆ ನೋವು ತಪ್ಪು ಜಾಗದಲ್ಲಿ ಖರ್ಚಾಗುತ್ತಿದೆ ಎಂಬುದೇ ನನ್ನ ಸಂಕಟ.

ಅಮೆರಿಕದಲ್ಲಿ 2010ರ ಬೇಸಿಗೆಯಲ್ಲಿ ಇಂಥ ಎರಡು ಪ್ರಕರಣಗಳು ಬೆನ್ನುಬೆನ್ನಿಗೇ ನಡೆದವು. ಜಾರ್ಜಿಯಾ ವಿಶ್ವವಿದ್ಯಾಲಯದ ಕ್ರೀಡಾ ನಿರ್ದೇಶಕರಾಗಿದ್ದ ಡೇಮನ್ ಇವಾನ್ಸ್ ಜೂನ್ 30ರ ರಾತ್ರಿ ಅಟ್ಲಾಂಟಾದಲ್ಲಿ ಬಂಧನಕ್ಕೊಳಗಾದರು. ವಾರ ಕಳೆಯುವುದರೊಳಗೆ ರಾಜೀನಾಮೆ ಕೊಟ್ಟರು. ಕುಡಿದು ವಾಹನ ಓಡಿಸಬೇಡಿ ಎಂದು ಫುಟ್‌ಬಾಲ್ ಪ್ರೇಕ್ಷಕರಿಗೆ ವಿಡಿಯೊ ಸಂದೇಶದಲ್ಲಿ ಬುದ್ಧಿ ಹೇಳಿದ್ದವರು ಅವರೇ ಎಂಬುದು ಜನರ ಸಿಟ್ಟನ್ನು ಇಮ್ಮಡಿಗೊಳಿಸಿತ್ತು. ಅದೇ ಜೂನ್ ತಿಂಗಳಲ್ಲಿ ಡೆಟ್ರಾಯಿಟ್ ಲಯನ್ಸ್ ತಂಡದ ಅಧ್ಯಕ್ಷ ಟಾಮ್ ಲೆವಾಂಡ್ ಕೂಡ ಬಂಧಿತರಾದರು. ಅವರಿಗೆ ಅಮೆರಿಕದ ಫುಟ್‌ಬಾಲ್ ಲೀಗ್ 30 ದಿನಗಳ ಅಮಾನತು ಮತ್ತು 1,00,000 ಡಾಲರ್ ದಂಡ ವಿಧಿಸಿತು. ಆ ಬಳಿಕವೂ ಅವರು ಹಲವು ವರ್ಷ ಅದೇ ಹುದ್ದೆಯಲ್ಲಿ ಮುಂದುವರಿದರು. ಇವಾನ್ಸ್ ಕೂಡ 2018ರಲ್ಲಿ ಇನ್ನೊಂದು ವಿಶ್ವವಿದ್ಯಾಲಯದ ಕ್ರೀಡಾ ನಿರ್ದೇಶಕರಾದರು. ಒಂದೇ ಬಗೆಯ ಆರೋಪ, ಆದರೆ ಹುದ್ದೆಯ ಮೇಲಾದ ಪರಿಣಾಮ ಬೇರೆ ಬೇರೆ. ಈ ವ್ಯತ್ಯಾಸ ಹುಟ್ಟಿದ್ದು ನ್ಯಾಯಾಲಯದಲ್ಲಿ ಅಲ್ಲ, ಅವರವರ ಸಂಸ್ಥೆಗಳಲ್ಲಿ ಎಂಬುದನ್ನು ಗಮನಿಸಬೇಕು.

ಇನ್ನು ‘ಯಾರಿಗೂ ಏನೂ ಆಗಿಲ್ಲ’ ಎಂಬ ಮಾತು. ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಅಪಘಾತವಾಗಲಿ ಎಂದು ಕಾಯುವುದಿಲ್ಲ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇಟ್ಟುಕೊಂಡು ವಾಹನ ಓಡಿಸಿದರೆ, ಅಥವಾ ಓಡಿಸಲು ಯತ್ನಿಸಿದರೆ ಅಲ್ಲಿಗೇ ಅಪರಾಧ ಪೂರ್ಣವಾಯಿತು. ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ಎರಡು ವರ್ಷದವರೆಗೆ ಜೈಲು ಅಥವಾ 15,000 ರೂಪಾಯಿ ದಂಡ ಅಥವಾ ಎರಡೂ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಮಿತಿ ಇರುವುದು 80 ಮಿಲಿಗ್ರಾಂ. ಅಂದರೆ ಅಲ್ಲಿ ಮಿತಿಯನ್ನು ಕೂದಲೆಳೆಯಷ್ಟು ಮೀರಿದವನು ನಮ್ಮ ಮಿತಿಯ ಎರಡೂವರೆ ಪಟ್ಟಿಗಿಂತ ಹೆಚ್ಚು ಕುಡಿದಿರುತ್ತಾನೆ. ಅಲ್ಲಿನ ಸುದ್ದಿಯನ್ನು ಓದಿ ‘ಎರಡು ಗುಟುಕಿಗೆ ಇಷ್ಟು ರಾದ್ಧಾಂತವೇ’ ಎನ್ನುವವರು ಈ ಲೆಕ್ಕವನ್ನು ಮರೆಯಬಾರದು.

ಜಾಮೀನಿನ ವಿಷಯದಲ್ಲಿ ಜನರ ಕೋಪ ದಾರಿ ತಪ್ಪುತ್ತದೆ. ಯಾರಿಗೂ ಗಾಯವಾಗದ, ಬರೀ 185ನೇ ಕಲಮಿನ ಪ್ರಕರಣ ಜಾಮೀನು ಸಿಗುವಂಥದ್ದು. ಅಲ್ಲಿ ಜಾಮೀನು ಆರೋಪಿಯ ಹಕ್ಕೇ ಹೊರತು ಪೊಲೀಸರು ತೋರುವ ಕೃಪೆಯಲ್ಲ. ಪಾಂಡವಪುರದ ಕಬ್ಬಿನ ಟ್ರ್ಯಾಕ್ಟರ್ ಚಾಲಕನಿಗೂ ಕ್ಲಬ್ಬಿನ ಅಧ್ಯಕ್ಷರಿಗೂ ಅದು ಸಮಾನವಾಗಿ ಸಿಗಬೇಕು. ಅಧ್ಯಕ್ಷರಿಗೆ ಬೇಗ ಸಿಕ್ಕಿತೆಂದು ಸಿಟ್ಟಾಗುವುದಕ್ಕಿಂತ, ಜಾಮೀನುದಾರ ಸಿಗದೆ ಆ ಚಾಲಕ ಠಾಣೆಯ ಬೆಂಚಿನ ಮೇಲೆ ಬೆಳಗಿನವರೆಗೆ ಕುಳಿತಿದ್ದನಲ್ಲ ಎಂದು ಸಿಟ್ಟಾಗುವುದು ಹೆಚ್ಚು ನ್ಯಾಯ.

ಪ್ರಭಾವ ಕೆಲಸ ಮಾಡುವುದು ಬೇರೆ ಕಡೆ, ಅದೂ ಬಂಧನದ ನಂತರದ ಮೊದಲ ಕೆಲವು ಗಂಟೆಗಳಲ್ಲಿ. ರಸ್ತೆಬದಿಯ ತಪಾಸಣೆಯನ್ನು ಹತ್ತಿರದಿಂದ ನೋಡಿದವರಿಗೆ ಇದು ಗೊತ್ತು. ಪೇದೆ ಹೊಸ ಕೊಳವೆಯ ಪ್ಲಾಸ್ಟಿಕ್ ಹರಿದು ಯಂತ್ರಕ್ಕೆ ಸಿಕ್ಕಿಸುತ್ತಾರೆ, ‘ಜೋರಾಗಿ ಊದಿ ಸಾರ್, ನಿಲ್ಲಿಸಬೇಡಿ’ ಎನ್ನುತ್ತಾರೆ, ಯಂತ್ರ ಬೀಪ್ ಎಂದು ಅಂಕಿ ತೋರಿಸುತ್ತದೆ, ಸಮಯ ಮತ್ತು ಅಂಕಿಯಿರುವ ಸಣ್ಣ ಚೀಟಿಯೊಂದು ಮುದ್ರಣವಾಗಿ ಬರುತ್ತದೆ, ಅದರ ಮೇಲೆ ಸಹಿ ಬೀಳುತ್ತದೆ. ಮುಂದೆ ನ್ಯಾಯಾಲಯದಲ್ಲಿ ಇಡೀ ಪ್ರಕರಣ ನಿಲ್ಲುವುದು ಆ ಚೀಟಿಯ ಮೇಲೆಯೇ. ಸಾಮಾನ್ಯ ಸವಾರ ಕೊಳವೆಯನ್ನು ಬಾಯಿಗಿಟ್ಟುಕೊಂಡು ಊದುತ್ತಾನೆ. ಹುದ್ದೆಯಲ್ಲಿರುವವರು ಮೊದಲು ಫೋನ್ ತೆಗೆಯುತ್ತಾರೆ. ಆ ಫೋನ್ ಕರೆಯಿಂದ ಪ್ರಕರಣ ರದ್ದಾಗಬೇಕಾಗಿಲ್ಲ. ಸಮಯ ಕಳೆದರೆ ಸಾಕು. ರಕ್ತದಲ್ಲಿನ ಆಲ್ಕೋಹಾಲ್ ಸರಾಸರಿ ಗಂಟೆಗೆ 15ರಿಂದ 20 ಮಿಲಿಗ್ರಾಂನಷ್ಟು ಇಳಿಯುತ್ತದೆ. 60 ಇದ್ದದ್ದು ಎರಡು ಗಂಟೆಯ ಮಾತುಕತೆ ಮುಗಿಯುವಾಗ ಮಿತಿಯ ಒಳಗೇ ಬಂದಿರಬಹುದು.

ಇದಕ್ಕೆ ಪರಿಹಾರ ಕಾಯ್ದೆಯಲ್ಲೇ ಇದೆ. 202ನೇ ಕಲಮಿನಡಿ ಬಂಧಿಸಿದವರನ್ನು ಎರಡು ಗಂಟೆಯೊಳಗೆ ನೋಂದಾಯಿತ ವೈದ್ಯರ ಮುಂದೆ ಪರೀಕ್ಷೆಗೆ ಒಳಪಡಿಸಬೇಕು. ತಪ್ಪಿದರೆ ಆತನನ್ನು ಬಿಡಬೇಕು. ಪರೀಕ್ಷೆಗೆ ಒಪ್ಪದೆ ಕುಳಿತರೂ ಲಾಭವಿಲ್ಲ, ಏಕೆಂದರೆ ಸಕಾರಣವಿಲ್ಲದ ನಿರಾಕರಣೆಯನ್ನು ಆರೋಪಿಯ ವಿರುದ್ಧದ ಸನ್ನಿವೇಶವೆಂದು 205ನೇ ಕಲಂ ಪರಿಗಣಿಸುತ್ತದೆ. ಆದ್ದರಿಂದ ಗಣ್ಯರೊಬ್ಬರು ಬಂಧನಕ್ಕೊಳಗಾದಾಗ ಪತ್ರಿಕೆಯವರೂ ಸಾರ್ವಜನಿಕರೂ ಕೇಳಬೇಕಾದದ್ದು ಹೀಗೆ: ಯಂತ್ರದಲ್ಲಿ ಊದಿಸಿದ್ದು ಎಷ್ಟು ಗಂಟೆಗೆ? ವೈದ್ಯರು ನೋಡಿದ್ದು ಎಷ್ಟು ಗಂಟೆಗೆ? ಆ ಎರಡರ ನಡುವೆ ಏನಾಯಿತು? ಆತ ಎಂಥ ಮನುಷ್ಯ, ಎಷ್ಟು ತಂಡ ಕಟ್ಟಿದ, ಯಾವ ಪಕ್ಷದವನು ಎಂಬ ಚರ್ಚೆಯ ಸದ್ದಿನಲ್ಲಿ ಈ ಪ್ರಶ್ನೆಗಳು ಯಾರ ಬಾಯಿಂದಲೂ ಬರುವುದಿಲ್ಲ.

185ನೇ ಕಲಂ ರಸ್ತೆಯಲ್ಲೇ ದಂಡ ಕಟ್ಟಿಸಿಕೊಂಡು ಕೈಬಿಡಬಹುದಾದ ಅಪರಾಧಗಳ ಪಟ್ಟಿಯಲ್ಲಿ ಇಲ್ಲ, ನ್ಯಾಯಾಲಯಕ್ಕೆ ಬರಲೇಬೇಕು. ಬಂದವರಲ್ಲಿ ಬಹಳ ಮಂದಿ ತಪ್ಪೊಪ್ಪಿಕೊಂಡು, ‘ಫೈನ್ ಕಟ್ಟಿದೆ, ಮುಗಿಯಿತು’ ಎಂದು ಹೊರಡುತ್ತಾರೆ. ಮುಗಿದಿರುವುದಿಲ್ಲ. ಈ ಅಪರಾಧ ಸಾಬೀತಾದರೆ ಕನಿಷ್ಠ ಆರು ತಿಂಗಳು ಚಾಲನೆಗೆ ಅನರ್ಹಗೊಳಿಸಬೇಕೆಂದು 20ನೇ ಕಲಂ ನ್ಯಾಯಾಲಯಕ್ಕೆ ಹೇಳುತ್ತದೆ. ನಿಜವಾದ ಶಿಕ್ಷೆ ಇದು, ಮತ್ತು ಜನರ ನೋವಿನಲ್ಲಿರುವ ಸತ್ಯವೂ ಇಲ್ಲೇ ಇರುವುದು. ಮದ್ದೂರಿನಿಂದ ಮೈಸೂರಿನ ಬಂಡಿಪಾಳ್ಯ ಮಾರುಕಟ್ಟೆಗೆ ತರಕಾರಿ ಸಾಗಿಸುವ ಗೂಡ್ಸ್ ಆಟೊದವನ ಲೈಸೆನ್ಸ್ ಆರು ತಿಂಗಳು ಹೋದರೆ ಮನೆಯ ಒಲೆಯೇ ಆರುತ್ತದೆ. ಗಾಡಿಯ ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಅದೇ ಆರು ತಿಂಗಳನ್ನು ಸಂಸ್ಥೆಯ ಪದಾಧಿಕಾರಿ ಹಿಂದಿನ ಸೀಟಿನಲ್ಲಿ ಕುಳಿತು ಕಳೆಯುತ್ತಾರೆ, ಚಾಲಕನ ಸಂಬಳವನ್ನು ಸಂಸ್ಥೆಯೇ ಕೊಡುತ್ತಿರಲೂಬಹುದು. ಕಾನೂನು ಇಬ್ಬರಿಗೂ ಒಂದೇ ಶಿಕ್ಷೆ ವಿಧಿಸಿತು, ಅದರ ಭಾರ ಒಬ್ಬನ ಬೆನ್ನಿಗೆ ಮಾತ್ರ ಬಿತ್ತು. ಇದನ್ನು ಸರಿಪಡಿಸುವ ಶಕ್ತಿ ದಂಡಾಧಿಕಾರಿಗಳಿಗಿಲ್ಲ. ಸಂಸ್ಥೆಗೆ ಇದೆ, ಮತ್ತು ಅದಕ್ಕಾಗಿಯೇ ಲೆವಾಂಡ್ ಅವರ ಮೇಲೆ ಲೀಗ್ ಪ್ರತ್ಯೇಕವಾಗಿ ಕ್ರಮ ಕೈಗೊಂಡದ್ದು ನನಗೆ ಸರಿಯೆನಿಸುತ್ತದೆ.

ಅಪಘಾತದಲ್ಲಿ ಪ್ರಾಣ ಹೋಗಿದ್ದರೆ ಮಾತೇ ಬೇರೆ. ಮುಂಬೈನ ಕಾರ್ಟರ್ ರಸ್ತೆಯ ಪಾದಚಾರಿ ಮಾರ್ಗದಲ್ಲಿ ಮಲಗಿದ್ದ ಕಾರ್ಮಿಕರ ಮೇಲೆ ಕಾರು ಹರಿದ ಪ್ರಕರಣದಲ್ಲಿ, ಕುಡಿದು ಓಡಿಸಿದವನ ಕೃತ್ಯ ಬರೀ ನಿರ್ಲಕ್ಷ್ಯವಲ್ಲ, ಕೊಲೆಯಲ್ಲದ ಮಾನವಹತ್ಯೆ ಎಂಬ ತೀರ್ಪನ್ನು 2012ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು.

ಹಾಗಾದರೆ ಬಂಧಿತ ಪದಾಧಿಕಾರಿ ಕೂಡಲೇ ರಾಜೀನಾಮೆ ಕೊಡಬೇಕೇ? ಬಂಧನ ಅಪರಾಧದ ಸಾಬೀತಲ್ಲ ಎಂಬುದನ್ನು ವಕೀಲನಾಗಿ ನಾನು ಬಿಟ್ಟುಕೊಡಲಾರೆ. ಯಂತ್ರಗಳೂ ಕೆಲವೊಮ್ಮೆ ತಪ್ಪು ಅಂಕಿ ತೋರಿಸುತ್ತವೆ. ಆದರೆ ಹುದ್ದೆಯಿಂದ ತಾತ್ಕಾಲಿಕವಾಗಿ ದೂರ ಉಳಿಯುವುದಕ್ಕೆ ತೀರ್ಪಿನವರೆಗೆ ಕಾಯಬೇಕಾಗಿಲ್ಲ. ಅದರಲ್ಲೂ ಮಕ್ಕಳನ್ನು ವ್ಯಾನಿನಲ್ಲಿ ತುಂಬಿಕೊಂಡು ಬೆಂಗಳೂರಿಗೆ ಪಂದ್ಯಕ್ಕೆ ಕರೆದೊಯ್ದು ರಾತ್ರಿ ಹೆದ್ದಾರಿಯಲ್ಲಿ ಹಿಂದಿರುಗುವ ನಮ್ಮ ಜಿಲ್ಲೆಗಳ ಕ್ರೀಡಾ ಸಂಘಗಳಿಗೆ ಇದು ಮುಖ್ಯ. ಆ ಮಕ್ಕಳ ತಂದೆತಾಯಂದಿರಿಗೆ ಪದಾಧಿಕಾರಿಯ ಕ್ಷಮಾಪಣೆಯ ಪತ್ರದಿಂದ ಏನೂ ಆಗಬೇಕಾಗಿಲ್ಲ.

ಸಂಘದ ಉಪನಿಯಮಗಳಲ್ಲಿ ಎರಡು ಸಾಲು ಸೇರಿಸಬಹುದು: 185ನೇ ಕಲಮಿನಡಿ ಪ್ರಕರಣ ದಾಖಲಾದ ಪದಾಧಿಕಾರಿ ಅದು ಇತ್ಯರ್ಥವಾಗುವವರೆಗೆ ಆಡಳಿತದಿಂದಲೂ ತಂಡದ ಪ್ರವಾಸಗಳಿಂದಲೂ ದೂರ ಉಳಿಯತಕ್ಕದ್ದು, ಸಾಬೀತಾದರೆ, ಅನರ್ಹತೆಯ ಅವಧಿಯಲ್ಲಿ ಸಂಘದ ವಾಹನವನ್ನಾಗಲಿ ಚಾಲಕನನ್ನಾಗಲಿ ಬಳಸತಕ್ಕದ್ದಲ್ಲ. ಇದಕ್ಕೆ ಸರ್ಕಾರದ ಆದೇಶ ಬೇಕಿಲ್ಲ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಸದಸ್ಯರೊಬ್ಬರು ಸೂಚಿಸಿ, ಇನ್ನೊಬ್ಬರು ಅನುಮೋದಿಸಿ, ಅಗತ್ಯ ಬಹುಮತ ದೊರೆತರೆ ತಿದ್ದುಪಡಿಯನ್ನು ಸಂಘಗಳ ನೋಂದಣಾಧಿಕಾರಿಗಳಿಗೆ ಕಳುಹಿಸಬಹುದು.