ಕದನವಿರಾಮ: ಅಲ್ಪವಿರಾಮವೋ, ಪೂರ್ಣವಿರಾಮವೋ?

ಪತ್ರಿಕೆ ಓದುವವರಿಗೆ ‘ಕದನವಿರಾಮ’ ಹೊಸ ಪದವೇನಲ್ಲ. ಗಡಿಯಲ್ಲಿ ಗುಂಡಿನ ಸದ್ದು ನಿಂತರೂ ಕದನವಿರಾಮ, ಗಾಯಾಳುಗಳನ್ನು ಸಾಗಿಸಲೆಂದು ನಾಲ್ಕು ಗಂಟೆ ಫಿರಂಗಿಗಳು ಸುಮ್ಮನಾದರೂ ಕದನವಿರಾಮ. 1918ರ ನವೆಂಬರ್ 11ರಂದು ಮೊದಲ ಮಹಾಯುದ್ಧವನ್ನು ನಿಲ್ಲಿಸಿದ ಕಾಗದಕ್ಕೂ ಅದೇ ಹೆಸರು. ಇಂಗ್ಲಿಷಿನವರು ಟ್ರೂಸ್, ಸೀಸ್‌ಫೈರ್, ಆರ್ಮಿಸ್ಟಿಸ್ ಎಂದು ಬೇರೆಬೇರೆ ಕರೆಯುವುದನ್ನೆಲ್ಲ ನಾವು ಒಂದೇ ಚೀಲಕ್ಕೆ ತುಂಬಿದ್ದೇವೆ. ದಿನದ ಸುದ್ದಿಗೆ ಅಷ್ಟು ಸಾಕು. ಆದರೆ ಕೊನೆಯದರ ತೂಕ ಬೇರೆ.

ವಿರಾಮ ಎಂದರೆ ನಿಲುಗಡೆ, ಮುಗಿತಾಯವೇ ಆಗಬೇಕೆಂದಿಲ್ಲ. ವ್ಯಾಕರಣದಲ್ಲಿ ಅಲ್ಪವಿರಾಮವೂ ಉಂಟು, ಪೂರ್ಣವಿರಾಮವೂ ಉಂಟು. ಆರ್ಮಿಸ್ಟಿಸ್ ಅರ್ಥದ ಕದನವಿರಾಮ ಕಾನೂನಿನ ಕಣ್ಣಿಗೆ ಅಲ್ಪವಿರಾಮವೇ. 1907ರ ಹೇಗ್ ನಿಯಮಗಳ ಪ್ರಕಾರ ಅದು ಎರಡೂ ಪಕ್ಷಗಳು ಒಪ್ಪಿ ಕಾಳಗವನ್ನು ತಡೆಹಿಡಿಯುವ ಕರಾರು. ಅವಧಿ ಗೊತ್ತುಮಾಡಿರದಿದ್ದರೆ, ಒಪ್ಪಿದಂತೆ ಮುನ್ಸೂಚನೆ ಕೊಟ್ಟು ಯಾವಾಗ ಬೇಕಾದರೂ ಮತ್ತೆ ಯುದ್ಧಕ್ಕಿಳಿಯಬಹುದು. ಶರಣಾಗತಿ ಬೇರೆ, ಅಲ್ಲಿ ಒಂದು ಕಡೆಯವರು ಆಯುಧ ಕೆಳಗಿಡುತ್ತಾರೆ. ಯುದ್ಧಕ್ಕೆ ಕಾನೂನಿನ ಪೂರ್ಣವಿರಾಮ ಬೀಳುವುದು ಶಾಂತಿ ಒಪ್ಪಂದದಿಂದ, ಹಳೆಯ ಮಾತಿನಲ್ಲಿ ಹೇಳುವುದಾದರೆ ಸಂಧಿಯಿಂದ.

1918ರ ನವೆಂಬರ್ ತಿಂಗಳೊಂದನ್ನೇ ನೋಡಿದರೂ ಈ ಪದದ ಮಡಿಕೆಗಳು ಬಿಚ್ಚಿಕೊಳ್ಳುತ್ತವೆ.

ಅದಕ್ಕೂ ಮೊದಲೇ ಬ್ರಿಟನ್-ಫ್ರಾನ್ಸ್ ಪಕ್ಷದವರು ಜರ್ಮನಿಯ ಜೊತೆಗಾರರೊಂದಿಗೆ ಎರಡು ಕದನವಿರಾಮ ಮಾಡಿಕೊಂಡಿದ್ದರು: ಸೆಪ್ಟೆಂಬರ್ 29ಕ್ಕೆ ಬಲ್ಗೇರಿಯಾದೊಂದಿಗೆ, ಅಕ್ಟೋಬರ್ 30ಕ್ಕೆ ಮುದ್ರೋಸ್ ಬಂದರಿನಲ್ಲಿ ತುರ್ಕರೊಂದಿಗೆ. ಮುದ್ರೋಸ್‌ಗೆ ಬರೀ ನಾಲ್ಕು ದಿನ ಮೊದಲು ಅಲೆಪ್ಪೊ ಬಳಿಯ ಹರಿತಾನ್‌ನಲ್ಲಿ ಬ್ರಿಟಿಷರ ಪರ ಕಾದುತ್ತಿದ್ದ ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆದಂಡಿನವರು, ಜೋಧಪುರದವರ ಜೊತೆ ಸೇರಿ, ಭರ್ಜಿ ಹಿಡಿದು ಕುದುರೆ ಏರಿ ತುರ್ಕರ ಮೇಲೆ ದಾಳಿ ಮಾಡಿದ್ದರು. ಇದೇ ದಂಡುಗಳ ಹೈಫಾದ ಗೆಲುವು ಎಲ್ಲರಿಗೂ ನೆನಪಿದೆ; ಹರಿತಾನ್ ಅಷ್ಟಾಗಿ ಯಾರ ಬಾಯಲ್ಲೂ ಇಲ್ಲ.

ನವೆಂಬರ್ 3ರಂದು ಆಸ್ಟ್ರಿಯಾ-ಹಂಗೇರಿ ಇಟಲಿಯ ಪಾದುವಾ ಬಳಿ ಸಹಿ ಹಾಕಿತು. ಕರಾರು ಜಾರಿಗೆ ಬರುವುದು ಮರುದಿನ ಮಧ್ಯಾಹ್ನ 3ಕ್ಕೆ. ಆಸ್ಟ್ರಿಯಾದ ದಂಡಿನವರು ಅವಸರಪಟ್ಟು ಮೊದಲೇ ಬಂದೂಕು ಇಳಿಸಿದರು. ಇಟಲಿಯವರು ಗಡಿಯಾರ ನೋಡಿಕೊಂಡು ಮುನ್ನುಗ್ಗುತ್ತಲೇ ಇದ್ದರು. ಸೆರೆಸಿಕ್ಕವರ ಲೆಕ್ಕ ಲಕ್ಷಗಳಲ್ಲಿ. ಕದನವಿರಾಮದಲ್ಲಿ ಸಹಿಗಿಂತ ಗಂಟೆ ಮುಖ್ಯ.

ಅದೇ ಹೊತ್ತಿಗೆ ಕೀಲ್ ಬಂದರಿನಲ್ಲಿ ಜರ್ಮನ್ ನಾವಿಕರು ದಂಗೆ ಎದ್ದಿದ್ದರು. 7ರಂದು ಯುದ್ಧ ಮುಗಿಯಿತೆಂಬ ಸುಳ್ಳು ಸುದ್ದಿ ನಂಬಿ ನ್ಯೂಯಾರ್ಕಿನ ಜನ ಬೀದಿಗಿಳಿದು ಕುಣಿದರು. 9ಕ್ಕೆ ಬರ್ಲಿನ್‌ನಲ್ಲಿ ಗಣರಾಜ್ಯದ ಘೋಷಣೆ, 10ಕ್ಕೆ ಜರ್ಮನ್ ಚಕ್ರವರ್ತಿ ಕೈಸರ್ ವಿಲ್‌ಹೆಲ್ಮ್ ಹಾಲೆಂಡಿಗೆ ಪರಾರಿ. 11ರ ಬೆಳಗಿನ ಜಾವ 5ರ ಸುಮಾರಿಗೆ ಫ್ರಾನ್ಸಿನ ಕಾಂಪಿಯೆನ್ ಕಾಡಿನಲ್ಲಿ ನಿಂತಿದ್ದ ರೈಲುಡಬ್ಬಿಯಲ್ಲಿ, ಬ್ರಿಟನ್-ಫ್ರಾನ್ಸ್ ಪಕ್ಷದ ಮಹಾದಂಡನಾಯಕ ಮಾರ್ಷಲ್ ಫಾಷ್ ಎದುರು ಜರ್ಮನರು ಸಹಿ ಹಾಕಿದರು. ಜಾರಿಗೆ ಬಂದದ್ದು 11 ಗಂಟೆಗೆ. ನಡುವಿನ ಆರು ಗಂಟೆಯಲ್ಲೂ ಹಲವೆಡೆ ಕಾದಾಟ ನಡೆದೇ ಇತ್ತು. ಹೆನ್ರಿ ಗುಂಥರ್ ಎಂಬ ಅಮೆರಿಕನ್ ಸೈನಿಕ ಸತ್ತದ್ದು 10 ಗಂಟೆ 59 ನಿಮಿಷಕ್ಕೆ.

ಕರಾರಿನ ಷರತ್ತು ಓದಿದರೆ ಇದು ಶರಣಾಗತಿಯೇ ಅಲ್ಲವೇ ಅನ್ನಿಸುತ್ತದೆ: 5,000 ಫಿರಂಗಿ, 25,000 ಮೆಷಿನ್‌ಗನ್, 5,000 ರೈಲು ಇಂಜಿನ್ ಒಪ್ಪಿಸಬೇಕು; ಆಕ್ರಮಿಸಿದ ನೆಲವನ್ನು 15 ದಿನದಲ್ಲಿ ತೆರವು ಮಾಡಬೇಕು; ಜರ್ಮನಿಯ ಸುತ್ತ ಹಾಕಿದ್ದ ಸಮುದ್ರ ದಿಗ್ಬಂಧನ ಮಾತ್ರ ಹಾಗೆಯೇ ಇರುತ್ತದೆ. ಗುಂಡು ನಿಂತಿತು, ಹಸಿವು ನಿಲ್ಲಲಿಲ್ಲ. ಆದರೂ ಕಾಗದದ ಮೇಲೆ ಅದು 36 ದಿನಗಳ ಕದನವಿರಾಮ. ಮೂರು ಸಲ ವಿಸ್ತರಿಸಬೇಕಾಯಿತು. ವರ್ಸೇಲ್ಸ್ ಒಪ್ಪಂದಕ್ಕೆ ಸಹಿ ಬಿದ್ದದ್ದು 1919ರ ಜೂನ್ 28ಕ್ಕೆ, ಜಾರಿಗೆ ಬಂದದ್ದು 1920ರ ಜನವರಿ 10ಕ್ಕೆ.

ಹೆಸರಿಗೂ ಹೂರಣಕ್ಕೂ ನಡುವಿನ ಈ ಅಂತರವೇ ಮುಂದೆ ವಿಷವಾಯಿತು. ಫಾಷ್ ಎದುರು ಕೂತ ನಿಯೋಗದ ಮುಖಂಡ ಸೇನಾಪತಿಯಲ್ಲ, ಎರ್ಜ್‌ಬರ್ಗರ್ ಎಂಬ ರಾಜಕಾರಣಿ. ಸಂಧಾನ ಬೇಕೆಂದು ಒತ್ತಾಯಿಸಿದ್ದು ಸೈನ್ಯದ ಮುಖ್ಯಸ್ಥರೇ. ಸಹಿಯ ಕಳಂಕ ಅಂಟಿದ್ದು ಈತನಿಗೆ. ‘ನಾವು ಸೋತೇ ಇರಲಿಲ್ಲ, ಮನೆಯವರೇ ಬೆನ್ನಿಗೆ ಚೂರಿ ಹಾಕಿದರು’ ಎಂಬ ಕಟ್ಟುಕಥೆ ಹಬ್ಬಿತು. 1921ರ ಆಗಸ್ಟಿನಲ್ಲಿ ಬಲಪಂಥೀಯ ಉಗ್ರರು ಆತನನ್ನು ಗುಂಡಿಟ್ಟು ಕೊಂದರು. 1940ರ ಜೂನ್ 22ರಂದು ಹಿಟ್ಲರ್ ಅದೇ ಡಬ್ಬಿಯನ್ನು ಅದೇ ಜಾಗಕ್ಕೆ ತರಿಸಿ ಫ್ರಾನ್ಸಿನಿಂದ ಸಹಿ ಹಾಕಿಸಿಕೊಂಡ. ಅದೂ ಕದನವಿರಾಮವೇ.

ಇನ್ನು ಪೂರ್ವ ಆಫ್ರಿಕಾ. ಅಲ್ಲಿ ಜರ್ಮನ್ ದಂಡನಾಯಕ ಲೆಟ್ಟೋ-ಫೋರ್ಬೆಕ್‌ಗೆ 1918ರ ಕದನವಿರಾಮದ ಸುದ್ದಿ ಮುಟ್ಟಿದ್ದೇ ತಡವಾಗಿ. ನವೆಂಬರ್ 25ರವರೆಗೂ ಆತ ಆಯುಧ ಒಪ್ಪಿಸಲಿಲ್ಲ.

ಅಲ್ಪವಿರಾಮದಲ್ಲೇ ನಿಂತ ಯುದ್ಧ ನೋಡಬೇಕೆಂದರೆ ಕೊರಿಯಾ ಇದೆ. 1953ರ ಜುಲೈ 27ಕ್ಕೆ ಪನ್ಮುನ್‌ಜೋಮ್‌ನಲ್ಲಿ ಆದದ್ದು ಕದನವಿರಾಮ. ಶಾಂತಿ ಒಪ್ಪಂದ ಇಂದಿಗೂ ಆಗಿಲ್ಲ. ಆ ಕರಾರಿನ ಬೆನ್ನಿಗೇ, ತಾಯ್ನಾಡಿಗೆ ಮರಳಲು ಒಲ್ಲೆನೆಂದ ಯುದ್ಧಕೈದಿಗಳ ವಿಚಾರ ನೋಡಿಕೊಳ್ಳಲು ತಟಸ್ಥ ದೇಶಗಳ ಆಯೋಗವೊಂದು ಹೋಯಿತು. ಅದರ ಅಧ್ಯಕ್ಷರು ಕೊಡಗಿನ ಕೆ.ಎಸ್. ತಿಮ್ಮಯ್ಯ.