ಖಾತೆ ಇದೆ, ಇಸಿ ಕ್ಲಿಯರ್ ಇದೆ, ಆದರೂ ಲಾಯರ್ ಬೇಕಾ?

ಓದುಗರ ಪ್ರಶ್ನೆ: ಬೋಗಾದಿ ಕಡೆ ಒಂದು ಸೈಟು ನೋಡಿದ್ದೇವೆ. ಮಾರುವವರ ಹೆಸರಿನಲ್ಲೇ ಇ-ಖಾತೆ ಇದೆ, ಇಸಿ (ಋಣಭಾರ ಪ್ರಮಾಣಪತ್ರ) ಕೂಡ ಕ್ಲಿಯರ್ ಇದೆ. ಪತ್ರ ಬರೆಯುವವರು ಎಲ್ಲ ನಾವೇ ನೋಡಿಕೊಳ್ಳುತ್ತೇವೆ ಅಂದಿದ್ದಾರೆ. ಸುಮ್ನೆ ಲಾಯರ್‌ಗೆ ಯಾಕೆ ದುಡ್ಡು ಕೊಡಬೇಕು?

ಕೊಡಬೇಕು. ಅದೂ ಅಡ್ವಾನ್ಸ್ ಕೊಡುವ ಮೊದಲೇ. ರಿಜಿಸ್ಟರ್ ದಿನ ಲಾಯರ್‌ನ ಕರೆದುಕೊಂಡು ಹೋದರೆ ಪ್ರಯೋಜನ ಕಡಿಮೆ. ಅಷ್ಟರಲ್ಲಿ ನಿಮ್ಮ ದುಡ್ಡು ಆ ಕಡೆ ಹೋಗಿರುತ್ತದೆ.

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟರೂ ಮತ್ತೆ ಬರುತ್ತದೆ. ಜಾಗ ಮಾತ್ರ ಬೇರೆ. ಇಲವಾಲದ ಲೇಔಟು, ಶ್ರೀರಂಗಪಟ್ಟಣದ ಹೊಲ, ಮದ್ದೂರಿನ ತೆಂಗಿನ ತೋಟ. ಎಲ್ಲದರಲ್ಲೂ ತಪ್ಪದೆ ಇರುವ ಮಾತು ಒಂದೇ: ‘ಖಾತೆ ಇದೆ ಸಾರ್.’ ಹಾಗಾಗಿ ಇವತ್ತು ಆ ಮಾತನ್ನೇ ಹಿಡಿದುಕೊಂಡು ಕೂತಿದ್ದೇನೆ.

ಖಾತೆ ಅಂದರೆ ಈ ಆಸ್ತಿಗೆ ಕಂದಾಯ ಯಾರು ಕಟ್ಟಬೇಕು ಅಂತ ಪಾಲಿಕೆಯೋ ಪಂಚಾಯ್ತಿಯೋ ಬರೆದಿಟ್ಟುಕೊಂಡ ದಾಖಲೆ. ಹಕ್ಕು ಬರುವುದು ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ವಿಲ್ ಅಥವಾ ವಾರಸುದಾರಿಕೆಯಿಂದ. ಖಾತೆ ಅವುಗಳ ಹಿಂದೆ ಬರುತ್ತದೆ. ಮ್ಯುಟೇಶನ್, ಅಂದರೆ ದಾಖಲೆಯಲ್ಲಿ ಹೆಸರು ಬದಲಾವಣೆ, ಆದ ಮಾತ್ರಕ್ಕೆ ಹಕ್ಕು ಹುಟ್ಟುವುದಿಲ್ಲ ಅಂತ ಸುಪ್ರೀಂ ಕೋರ್ಟ್ ಒಂದಲ್ಲ, ಹಲವು ತೀರ್ಪುಗಳಲ್ಲಿ ಹೇಳಿದೆ. ಜಮೀನಿನ ಕಂದಾಯ ದಾಖಲೆಯಾದ ಪಹಣಿಯ ಕಥೆಯೂ ಇದೇ. ಅದರಲ್ಲಿರುವುದನ್ನು ಸರಿ ಅಂತ ತಿಳಿಯಬೇಕು ಅಂತ ಕರ್ನಾಟಕ ಭೂಕಂದಾಯ ಕಾಯ್ದೆಯ 133ನೇ ಕಲಂ ಹೇಳುತ್ತದೆ ನಿಜ. ಆದರೆ ಯಾರಾದರೂ ಬಂದು ತಪ್ಪು ಅಂತ ಸಾಬೀತು ಮಾಡುವವರೆಗೆ ಮಾತ್ರ. ನೋಂದಣಿಗೆ ಇ-ಖಾತೆ ಕಡ್ಡಾಯ ಆದಮೇಲಂತೂ ಜನರ ನಂಬಿಕೆ ಇನ್ನೂ ಜಾಸ್ತಿಯಾಗಿದೆ. ಕಂಪ್ಯೂಟರಿನಲ್ಲಿ ಬಂದರೂ ಖಾತೆ ಖಾತೆಯೇ.

ಮಂಡ್ಯ ಕಡೆಯ ಒಂದು ಪಹಣಿ ಕೈಯಲ್ಲಿದೆ ಅಂದುಕೊಳ್ಳಿ. ಎರಡು ಎಕರೆ. ಮಾಲೀಕರ ಹೆಸರು ಬರುವ 9ನೇ ಕಾಲಂನಲ್ಲಿ ಒಬ್ಬರದೇ ಹೆಸರು. ಕೊಳ್ಳುವವರು ಅಷ್ಟಕ್ಕೇ ಸಮಾಧಾನ ಪಡುತ್ತಾರೆ. ಲಾಯರ್ ಕಣ್ಣು ಪಕ್ಕದಲ್ಲಿರುವ ಎಂ.ಆರ್. (ಮ್ಯುಟೇಶನ್ ರಿಜಿಸ್ಟರ್) ನಂಬರಿನ ಮೇಲೆ ಹೋಗುತ್ತದೆ. ಆ ಮ್ಯುಟೇಶನ್ನಿನ ನಕಲು ತೆಗೆಸಿ ನೋಡಿದರೆ ‘ಪೌತಿ’ ಅಂತಿರುತ್ತದೆ. ಅಪ್ಪ ತೀರಿಕೊಂಡಿದ್ದಾರೆ, ಖಾತೆ ದೊಡ್ಡ ಮಗನ ಹೆಸರಿಗೆ ಆಗಿದೆ. ಹಾಗಾದರೆ ಮಕ್ಕಳು ಎಷ್ಟು ಜನ? ವಂಶವೃಕ್ಷ ತರಿಸಿದರೆ ಇಬ್ಬರು ಹೆಣ್ಣುಮಕ್ಕಳು ಇರುತ್ತಾರೆ. ಒಬ್ಬರನ್ನು ನಂಜನಗೂಡಿಗೆ ಕೊಟ್ಟಿದ್ದಾರೆ, ಇನ್ನೊಬ್ಬರು ಬೆಂಗಳೂರಿನಲ್ಲಿದ್ದಾರೆ. ಜಮೀನು ಅಪ್ಪನ ಸ್ವಯಾರ್ಜಿತ, ವಿಲ್ ಬರೆದಿಲ್ಲ, ಅಮ್ಮನೂ ಇಲ್ಲ ಅಂತಾದರೆ ಮೂವರಿಗೂ ಸಮಪಾಲು. ಮಗ ಒಬ್ಬನೇ ಸಹಿ ಹಾಕಿ ಪೂರ್ತಿ ಜಮೀನು ಮಾರಿದರೆ ನಿಮಗೆ ದಕ್ಕುವುದು ಅವನ ಪಾಲು ಮಾತ್ರ. 80 ಗುಂಟೆಗೆ ದುಡ್ಡು ಕೊಟ್ಟು ಸುಮಾರು 27 ಗುಂಟೆಯ ಹಕ್ಕು ತೆಗೆದುಕೊಂಡ ಹಾಗಾಯಿತು. ಆ 27 ಗುಂಟೆ ಯಾವ ಮೂಲೆಯದು ಅಂತ ಗೊತ್ತಾಗಲೂ ಪಾಲಿನ ದಾವೆ ಆಗಬೇಕು.

‘ಮದುವೆಯಲ್ಲಿ ಒಡವೆ ಹಾಕಿ ಕಳಿಸಿದ್ದೀವಿ, ಅವರು ಕೇಳಲ್ಲ’ ಅಂತ ಮಾರುವವರು ಹೇಳುತ್ತಾರೆ. ಒಡವೆ ಕೊಟ್ಟರೆ ಹಕ್ಕು ಹೋಗುವುದಿಲ್ಲ. ರಿಜಿಸ್ಟರ್ ಆದ ಹಕ್ಕು ಬಿಡುಗಡೆ ಪತ್ರ ಇರಬೇಕು, ಇಲ್ಲವೇ ಅವರೂ ಬಂದು ಕ್ರಯಪತ್ರಕ್ಕೆ ಸಹಿ ಹಾಕಬೇಕು. ಪಿತ್ರಾರ್ಜಿತ ಆಸ್ತಿಯಲ್ಲೂ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು ಇದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಅದನ್ನು ಕೊಟ್ಟಿತು. ಆ ತಿದ್ದುಪಡಿ ಬಂದಾಗ ತಂದೆ ಬದುಕಿರಲೇಬೇಕು ಅಂತೇನಿಲ್ಲ ಎಂದು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿತು. ಇಷ್ಟಾದರೂ ಅಕ್ಕತಂಗಿಯರ ಹೆಸರನ್ನೇ ಎತ್ತದೆ ವ್ಯಾಪಾರ ಮುಗಿಸುವುದು ನಿಂತಿಲ್ಲ. ನನಗೆ ಬೇಸರ ಆಗುವುದು ಇಲ್ಲೇ.

ಇಸಿಯಲ್ಲಿ ಇದೆಲ್ಲ ಕಾಣಲ್ವಾ ಅಂತ ಕೇಳುತ್ತೀರಿ. ಕಾಣಲ್ಲ. ರಿಜಿಸ್ಟರ್ ಆದ ಪತ್ರಗಳು ಮಾತ್ರ ಅಲ್ಲಿ ಬರುತ್ತವೆ. ಪೌತಿ ಖಾತೆ ಬರುವುದಿಲ್ಲ, ಬಾಯಿಮಾತಿನ ಪಾಲು ಬರುವುದಿಲ್ಲ, ರಿಜಿಸ್ಟರ್ ಮಾಡಿಸದ ವಿಲ್ ಬರುವುದಿಲ್ಲ. ಕೋರ್ಟಿನಲ್ಲಿ ಕೇಸು ನಡೆಯುತ್ತಿದ್ದರೆ ಅದೂ ಸಾಮಾನ್ಯವಾಗಿ ಕಾಣುವುದಿಲ್ಲ. ಆದರೆ ಕೇಸು ಇರುವಾಗ ಕೊಂಡವರಿಗೆ ಅದರ ತೀರ್ಪು ತಟ್ಟುತ್ತದೆ. ಸಬ್ ರಿಜಿಸ್ಟ್ರಾರ್ ನೋಡಿಯೇ ರಿಜಿಸ್ಟರ್ ಮಾಡುತ್ತಾರೆ ಅನ್ನುವುದೂ ತಪ್ಪು. ಸಹಿ ಹಾಕುವವರು ಅವರೇನಾ, ಸ್ಟಾಂಪ್ ಡ್ಯೂಟಿ ಸರಿಯಾಗಿದೆಯಾ ಅನ್ನುವುದು ಅವರ ಕೆಲಸ. ಮಾರುವವರಿಗೆ ಹಕ್ಕು ಇದೆಯಾ ಅಂತ ತೀರ್ಮಾನಿಸುವುದು ನೋಂದಣಿ ಅಧಿಕಾರಿಯ ಕೆಲಸ ಅಲ್ಲ ಅಂತ 2025ರ ಏಪ್ರಿಲ್‌ನಲ್ಲಿ ತಮಿಳುನಾಡಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪತ್ರ ಬರೆಯುವವರ ಮೇಲೆ ನನಗೆ ಗೌರವ ಇದೆ, ಚೆಕ್ಕುಬಂದಿ (ಆಸ್ತಿಯ ನಾಲ್ಕು ಕಡೆಯ ಗಡಿ) ಅವರಷ್ಟು ಚೆನ್ನಾಗಿ ಬರೆಯುವವರು ಕಡಿಮೆ. ಆದರೆ ನೀವು ಕೊಟ್ಟ ದಾಖಲೆ ನೋಡಿ ಅವರು ಬರೆಯುತ್ತಾರೆ, ಕೊಡದೆ ಇದ್ದ ದಾಖಲೆಯನ್ನು ಹುಡುಕಿಕೊಂಡು ಹೋಗುವುದಿಲ್ಲ.

ಜಮೀನಾದರೆ ಇನ್ನೊಂದು ವಿಷಯ ಕಡ್ಡಾಯವಾಗಿ ನೋಡಿಸಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಕೊಂಡರೆ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಆ ಕ್ರಯ ಅಸಿಂಧು. ಉಪವಿಭಾಗಾಧಿಕಾರಿ ಅದನ್ನು ಬಿಡಿಸಿ ಮೂಲ ಕುಟುಂಬಕ್ಕೆ ಕೊಡಿಸಬಹುದು. ವಾಪಸ್ ಕೇಳಲು ಕಾಲಮಿತಿ ಇಲ್ಲ ಅಂತ 2023ರಲ್ಲಿ ತಿದ್ದುಪಡಿಯೂ ಆಗಿದೆ. ಬಡವರ ಭೂಮಿ ಉಳಿಯಲಿ ಅಂತ ಮಾಡಿದ ಒಳ್ಳೆಯ ಕಾಯ್ದೆ ಅದು. ಜಮೀನು ನಾಲ್ಕು ಕೈ ದಾಟಿ ಖಾತೆ ಆಗಿದ್ದರೂ ಅದು ಅನ್ವಯಿಸುತ್ತದೆ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಿಂದ ಮಂಜೂರಾತಿ ಕಡತ, ಸಾಗುವಳಿ ಚೀಟಿ ತೆಗೆಸಿ ಓದಿದರೆ ಮಾತ್ರ ಗೊತ್ತಾಗುತ್ತದೆ.

ಇನ್ನು ಮೈಸೂರಿನ ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ, ಈಗ ಮೈಸೂರು ಅಭಿವೃದ್ಧಿ ಪ್ರಾಧಿಕಾರ) ಸೈಟು. ಹಂಚಿಕೆ ಆದೇಶದಿಂದ ಹಿಡಿದು ಪ್ರಾಧಿಕಾರವೇ ಮಾಡಿಕೊಟ್ಟ ಕ್ರಯಪತ್ರದವರೆಗೆ ಎಲ್ಲ ಇದ್ದರೆ ಕೆಲಸ ಬೇಗ ಮುಗಿಯುತ್ತದೆ. ಜಮೀನು ಕಳೆದುಕೊಂಡವರಿಗೆ ಪರಿಹಾರವಾಗಿ 50:50 ಲೆಕ್ಕದಲ್ಲಿ ಹಂಚಿದ ಸೈಟಾದರೆ ಹಾಗಲ್ಲ, ಆ ಹಂಚಿಕೆಗಳು ತನಿಖೆಗೆ ಒಳಗಾಗಿವೆ. ಮಾರುವವರು ಜಿಪಿಎ (ಮಾಲೀಕರ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ) ಹಿಡಿದು ಬಂದಿದ್ದರೆ, ಅಪ್ರಾಪ್ತ ಮಕ್ಕಳ ಪಾಲು ಸೇರಿದ್ದರೆ, ಮೂಲಪತ್ರ ಕಳೆದಿದೆ ಅಂದರೆ, ಲಾಯರ್ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಬಾಡಿಗೆ ಕರಾರಿಗೆ, ಇಸಿ ತೆಗೆಸುವುದಕ್ಕೆ, ಕಂದಾಯ ಕಟ್ಟುವುದಕ್ಕೆ ಲಾಯರ್ ಬೇಡ.

ಪೌತಿ ಖಾತೆ ಮಾತು ಬಂದಿದ್ದರಿಂದ ನೀವು ಕೇಳದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ. ನಿಮ್ಮದೇ ಮನೆಯ ಖಾತೆ ಇನ್ನೂ ತಾತನ ಹೆಸರಿನಲ್ಲಿ ಇದೆಯಾ? ಕುವೆಂಪುನಗರ, ಸರಸ್ವತಿಪುರಂನಂಥ ಹಳೆಯ ಬಡಾವಣೆಗಳಲ್ಲಿ ಇಂಥ ಮನೆಗಳು ಬೇಕಾದಷ್ಟಿವೆ. ಅಣ್ಣತಮ್ಮ, ಅಕ್ಕತಂಗಿ ಚೆನ್ನಾಗಿರುವಾಗಲೇ ಎಲ್ಲರ ಹೆಸರಿಗೂ ಜಂಟಿ ಖಾತೆ ಮಾಡಿಸಿ, ಆಮೇಲೆ ಬೇಕಾದರೆ ವಿಭಾಗಪತ್ರ ರಿಜಿಸ್ಟರ್ ಮಾಡಿಸಿ. ಆಸ್ತಿ ನಿಮ್ಮ ಸ್ವಂತದ್ದಾದರೆ ವಿಲ್ ಬರೆದಿಡಿ. ವಿಲ್ ರಿಜಿಸ್ಟರ್ ಮಾಡಿಸುವುದು ಕಡ್ಡಾಯ ಅಲ್ಲ, ಮಾಡಿಸಿದರೆ ಒಳ್ಳೆಯದು. ಇಬ್ಬರು ಸಾಕ್ಷಿಗಳ ಸಹಿ ಮಾತ್ರ ಬೇಕೇ ಬೇಕು. ಅವರು ನಿಮಗಿಂತ ಚಿಕ್ಕ ವಯಸ್ಸಿನವರಾಗಿರಲಿ. ನಾಳೆ ತಕರಾರು ಬಂದರೆ ಅವರಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು ಸಾಕ್ಷಿ ಹೇಳಬೇಕಾಗುತ್ತದೆ.